ಸುದ್ದಿ ತಂದವನು ಯಾರು?

2020ರ ಮಾರ್ಚ್ ಕೊನೆಯ ದಿನಗಳನ್ನು ನಾವು ಮರೆತಿಲ್ಲ. ದಿಲ್ಲಿಯ ನಿಝಾಮುದ್ದೀನ್ ಮರ್ಕಝ್‌ನಲ್ಲಿ ಸೇರಿದ್ದ ತಬ್ಲೀಗ್ ಜಮಾಅತ್‌ನವರನ್ನು ನೆಪವಾಗಿಸಿಕೊಂಡು ಒಂದು ಸಾಂಕ್ರಾಮಿಕ ರೋಗಕ್ಕೇ ಧರ್ಮವನ್ನು ಅಂಟಿಸಲಾಯಿತು. 'ಕೊರೋನಾ ಜಿಹಾದ್' ಎಂಬ ಪದ ಟಿವಿ ಪರದೆಯಿಂದ ಮೊಬೈಲ್‌ಗೆ, ಮೊಬೈಲ್‌ನಿಂದ ತರಕಾರಿ ಗಾಡಿಯವನ ಹೆಸರು ಕೇಳುವ ಬೀದಿಗೆ ಇಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ವಿದೇಶಿ ಜಮಾಅತ್ ಸದಸ್ಯರ ವಿರುದ್ಧದ ಪ್ರಕರಣಗಳನ್ನು ರದ್ದುಪಡಿಸಿ, ಅವರನ್ನು ಬಲಿಪಶು ಮಾಡಲಾಯಿತೆಂದು ಹೇಳಿತು. ಮಾಧ್ಯಮಗಳ ಅಪಪ್ರಚಾರವನ್ನೂ ಟೀಕಿಸಿತು. ತೀರ್ಪಿನ ಸುದ್ದಿ ಎಷ್ಟು ಮೊಬೈಲ್‌ಗಳಿಗೆ ತಲುಪಿತು ಎಂದು ಕೇಳುವುದೇ ವ್ಯರ್ಥ.

ಈ ಅನ್ಯಾಯದ ಬಗ್ಗೆ ನಾವು ಸಾಕಷ್ಟು ಬರೆದಿದ್ದೇವೆ, ಮಾತಾಡಿದ್ದೇವೆ. ಬರೆಯಲೇಬೇಕಿತ್ತು. ಆದರೆ ಅದೇ ಆಗಸ್ಟ್ ತಿಂಗಳ 11ರ ರಾತ್ರಿಯ ಬಗ್ಗೆ ನಮ್ಮ ಧ್ವನಿ ಯಾಕೆ ತಗ್ಗುತ್ತದೆ?

ಶಾಸಕರೊಬ್ಬರ ಬಂಧುವೊಬ್ಬ ಪ್ರವಾದಿವರ್ಯ(ಸ)ರನ್ನು ನಿಂದಿಸುವ ಪೋಸ್ಟೊಂದನ್ನು ಫೇಸ್‌ಬುಕ್‌ನಲ್ಲಿ ಹಾಕಿದನೆಂಬ ಸುದ್ದಿ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಲ್ಲಿ ಹರಡಿತು. ಪೋಸ್ಟ್ ಹಾಕಿದವನು ಒಬ್ಬ. ಸುಟ್ಟುಹೋದದ್ದು ಮೀಸಲು ಕ್ಷೇತ್ರದ ದಲಿತ ಶಾಸಕರ ಮನೆ, ಪೊಲೀಸ್ ಠಾಣೆ, ದಾರಿಬದಿಯ ವಾಹನಗಳು. ಪೊಲೀಸ್ ಗುಂಡಿಗೆ ಮೂವರು ಪ್ರಾಣ ಕಳಕೊಂಡರು. ನೂರಾರು ಯುವಕರ ಬಂಧನವಾಯಿತು, ಯುಎಪಿಎ ಬಂತು. ಅಂದೇ ರಾತ್ರಿ ಅಲ್ಲಿನ ಹನುಮಾನ್ ದೇವಸ್ಥಾನದ ಸುತ್ತ ಕೈಕೈ ಹಿಡಿದು ಕಾವಲು ನಿಂತವರೂ ನಮ್ಮ ಯುವಕರೇ. ಆ ಪೋಸ್ಟನ್ನು ಹಾಕಿದವನ ಪುಟದಲ್ಲಿ ಎಷ್ಟು ಮಂದಿ ನೋಡುತ್ತಿದ್ದರೋ ಏನೋ. ಅದನ್ನು ಓಣಿ ಓಣಿಗೆ ಹೊತ್ತೊಯ್ದವರು, 'ನೋಡಿ, ನಿಮ್ಮ ರಕ್ತ ಕುದಿಯುವುದಿಲ್ಲವೇ' ಎಂದು ಕೇಳಿದವರು ನಮ್ಮವರಾಗಿದ್ದರು. ಪ್ರವಾದಿ(ಸ)ರ ನಿಂದನೆಯನ್ನು ಸಾವಿರ ಮನೆಗಳಿಗೆ ಮುಟ್ಟಿಸುವುದು ಯಾವ ಬಗೆಯ ಪ್ರೇಮ?

ಈ ವೇದಿಕೆಗಳ ಒಳಗಿನ ಲೆಕ್ಕಾಚಾರವನ್ನು ಸ್ವಲ್ಪ ತಿಳಿದುಕೊಳ್ಳಬೇಕು. 2017ರಿಂದ ಫೇಸ್‌ಬುಕ್‌ನಲ್ಲಿ ಕೋಪದ ಮುಖವೂ ಸೇರಿದಂತೆ ಎಮೋಜಿ ಪ್ರತಿಕ್ರಿಯೆಗಳಿಗೆ ಸಾಮಾನ್ಯ ಲೈಕ್‌ನ ಐದು ಪಟ್ಟು ತೂಕವಿತ್ತೆಂದು ಆ ಕಂಪೆನಿಯದೇ ಒಳ ದಾಖಲೆಗಳಿಂದ 2021ರಲ್ಲಿ ಹೊರಬಿತ್ತು. ಅಂದರೆ ಒಂದು ಪೋಸ್ಟಿನ ಮೇಲೆ ನಾವು ಉಗುಳಿದ ಕೋಪವೇ ಅದನ್ನು ಇನ್ನಷ್ಟು ಜನರ ಕಣ್ಣ ಮುಂದೆ ತಂದು ನಿಲ್ಲಿಸುತ್ತಿತ್ತು. ಯಂತ್ರಕ್ಕೆ ಹಿಂದೂ-ಮುಸ್ಲಿಮ್ ಭೇದವಿಲ್ಲ. ಅದಕ್ಕೆ ಬೇಕಾದದ್ದು ಕಣ್ಣು ಕೀಳದೆ ನೋಡುವ ಜನ. ದ್ವೇಷದ ರಾಜಕಾರಣ ಮಾಡುವವನಿಗೆ ಇದು ನಮಗಿಂತ ಮೊದಲೇ ಅರ್ಥವಾಗಿದೆ. ಅವನು ಕಡ್ಡಿ ಗೀರುತ್ತಾನೆ, ಸೌದೆಯನ್ನು ನಾವು ಪುಕ್ಕಟೆಯಾಗಿ ಒದಗಿಸುತ್ತೇವೆ.

ರಾಜಕೀಯವೇ ಇಲ್ಲದ ಕಡೆಯೂ ಇದು ಕೊಲ್ಲುತ್ತದೆ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದಕ್ಕೆ ಹೈದರಾಬಾದ್‌ನ ಯುವ ಇಂಜಿನಿಯರ್ ಮತ್ತು ಗೆಳೆಯರನ್ನು ಮಕ್ಕಳ ಕಳ್ಳರೆಂದು ಬಗೆಯಲಾಯಿತು. ಅವರು ಕಾರಿನಲ್ಲಿ ಪಾರಾಗುವಷ್ಟರಲ್ಲಿ ವಾಟ್ಸಾಪ್ ಸಂದೇಶ ಮುರ್ಕಿ ಗ್ರಾಮವನ್ನು ತಲುಪಿತ್ತು. ಅಲ್ಲಿ ರಸ್ತೆ ತಡೆದ ಗುಂಪು ಆ ಯುವಕನನ್ನು ಹೊಡೆದು ಕೊಂದಿತು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸುವಂತೆ ಮಿತಿ ಹಾಕುವುದಾಗಿ ಘೋಷಿಸಿತು. ಪವಿತ್ರ ಕುರ್‌ಆನ್‌ನ ಸೂರಃ ಅಲ್ ಹುಜುರಾತ್ ಈ ಮಿತಿಯನ್ನು ಹದಿನಾಲ್ಕು ಶತಮಾನಗಳ ಹಿಂದೆಯೇ ವಿಧಿಸಿತ್ತು: ನಂಬಲರ್ಹನಲ್ಲದವನು ಸುದ್ದಿ ತಂದರೆ ಪರಿಶೀಲಿಸಬೇಕು, ಅರಿಯದೆ ಒಂದು ಜನಾಂಗಕ್ಕೆ ಹಾನಿ ಮಾಡಿ ಆಮೇಲೆ ಪರಿತಪಿಸುವಂತಾಗಬಾರದು. ಆ ಪರಿತಾಪ ಎಂಥದ್ದೆಂದು ಜೈಲಿನ ಬಾಗಿಲಲ್ಲಿ ಕಾದ ತಾಯಂದಿರನ್ನು ಕೇಳಬೇಕು.

'ಅವರು ಇದಕ್ಕಿಂತ ಹೆಚ್ಚು ಮಾಡುತ್ತಾರೆ, ಪೆಟ್ಟು ತಿಂದವರಿಗೇ ಉಪದೇಶವೇ' ಎಂಬ ಮಾತು ಬರುತ್ತದೆ. ಅವರು ಹೆಚ್ಚು ಮಾಡುತ್ತಾರೆಂಬುದು ನಿಜ. ಅವರ ಕೈಯಲ್ಲಿ ಚಾನೆಲ್‌ಗಳಿವೆ, ಹಣವಿದೆ, ಅಧಿಕಾರದ ರಕ್ಷಣೆಯೂ ಇದೆ. ಆದರೆ ನಾಳೆ ಅಲ್ಲಾಹನ ಮುಂದೆ ನಮ್ಮ ಬೆರಳಿನ ಲೆಕ್ಕ ಕೊಡುವಾಗ ಅವರ ಕಡತವನ್ನು ತೋರಿಸಿ ಪಾರಾಗುವ ಅವಕಾಶವಿದೆಯೇ?

ಹಝ್ರತ್ ಆಯಿಶಾ(ರ)ರ ಮೇಲೆ ಅಪವಾದ ಹೊರಿಸಲ್ಪಟ್ಟಾಗ ಅದನ್ನು ಹುಟ್ಟುಹಾಕಿದವನು ಕಪಟವಿಶ್ವಾಸಿಗಳ ನಾಯಕ ಅಬ್ದುಲ್ಲಾ ಬಿನ್ ಉಬಯ್ಯ್. ಮದೀನಾದ ಓಣಿಗಳಲ್ಲಿ ಅದನ್ನು ದಾಟಿಸಿದವರಲ್ಲಿ ಮಾತ್ರ ಪ್ರಾಮಾಣಿಕ ಮುಸ್ಲಿಮರೂ ಇದ್ದರು. ಬದ್ರ್‌ನಲ್ಲಿ ಹೋರಾಡಿದ ಮಿಸ್ತಹ್(ರ)ರಂಥವರೂ ಇದ್ದರು. ಸೂರಃ ಅನ್ನೂರ್ ಅವರನ್ನು 'ಕೇಳಿದ್ದಷ್ಟೇ ಹೇಳಿದರು' ಎಂದು ಬಿಟ್ಟುಬಿಡಲಿಲ್ಲ. ನಾಲಗೆಯಿಂದ ನಾಲಗೆಗೆ ಸಾಗಿಸಿದ್ದನ್ನು ಅವರು ಹಗುರವೆಂದು ಬಗೆದಿದ್ದರು, ಅಲ್ಲಾಹನ ಬಳಿ ಅದು ಘೋರವಾಗಿತ್ತು. ನಮ್ಮ ಮಹಲ್ಲಾ ಗುಂಪುಗಳ ಅಡ್ಮಿನ್‌ಗಳು, ಮಸೀದಿ ಸಮಿತಿಯ ಹಿರಿಯರು ಮುಂದಿನ ಜುಮಾಕ್ಕೆ ಮುನ್ನ ಆ ಆಯತ್‌ಗಳನ್ನು ತೆರೆದಿಟ್ಟುಕೊಂಡು, ತಮ್ಮ ಗುಂಪಿಗೆ ಕಳೆದ ವಾರ ಬಂದ ಸಂದೇಶಗಳನ್ನೊಮ್ಮೆ ಮೇಲಿಂದ ಕೆಳಗೆ ಓದಿ ನೋಡಲಿ.