ಎತ್ತಿಗೆ ಜ್ವರ, ಎಮ್ಮೆಗೆ ಬರೆ ಆಗಬಾರದು

ಒಂದು ಓಣಿಯ ನೂರು ಮನೆಗಳಿಗೆ ಒಂದೇ ಮನೆ ನಂಬರು ಕೊಟ್ಟರೆ ಗತಿ ಏನು? ಅಂಚೆಯವ ತಬ್ಬಿಬ್ಬು. ಸಾಲ ಮಾಡಿದವ ಪಾರು, ಮಾಡದವನ ಬಾಗಿಲು ಬಡಿತ. ಲಿಂಗಸುಗೂರು ಬಸ್ ನಿಲ್ದಾಣದಲ್ಲಿ ಮೊಬೈಲ್ ಹಿಡಿದು ನಿಂತವರೂ, ಗಲ್ಲಾ ಪೆಟ್ಟಿಗೆ ಮುಂದೆ ಕೂತು ಮೊಬೈಲಿನಲ್ಲೇ ರೊಕ್ಕ ಎಣಿಸುವ ವ್ಯಾಪಾರಸ್ಥರೂ ಬಹುತೇಕ ಇಂಥದೇ ಓಣಿಯಲ್ಲಿದ್ದಾರೆ. ಇದು ಬಹಳ ಮಂದಿಗೆ ಗೊತ್ತಿಲ್ಲ.

ಇಂಟರ್‌ನೆಟ್ಟಿನಲ್ಲಿ ಮಾತಾಡಲು ಐಪಿ ಎಂಬ ವಿಳಾಸ ಬೇಕು. ಹಳೆಯ ಪದ್ಧತಿಯಲ್ಲಿ ಇಂಥ ವಿಳಾಸ ಸುಮಾರು 429 ಕೋಟಿ ಮಾತ್ರ. ಜಗತ್ತಿನ ಜನಸಂಖ್ಯೆಯೇ 800 ಕೋಟಿ ದಾಟಿದೆ. 2011ರ ಫೆಬ್ರುವರಿಯಲ್ಲಿ ಜಾಗತಿಕ ದಾಸ್ತಾನು ಬರಿದಾಯಿತು. ಅದೇ ಏಪ್ರಿಲ್‌ನಲ್ಲಿ ನಮ್ಮ ಏಷ್ಯಾ ಭಾಗದ ಕಣಜವೂ ತಳ ಕಂಡಿತು. ಕಂಪನಿಗಳು ಉಪಾಯ ಹೂಡಿದವು. ಒಂದು ವಿಳಾಸಕ್ಕೆ 65,536 ಪೋರ್ಟುಗಳೆಂಬ ಕಿಂಡಿಗಳಿರುತ್ತವೆ. ಅವನ್ನೇ ಗಿರಾಕಿಗಳಿಗೆ ಹಂಚಿ, ಹತ್ತಾರು ನೂರಾರು ಮಂದಿಯನ್ನು ಒಂದೇ ವಿಳಾಸದಡಿ ಕೂಡಿಸಿದವು. ಇದಕ್ಕೆ ಸಿಜಿ-ನ್ಯಾಟ್ ಎಂದು ಹೆಸರು.

ಉಪಾಯವೇನೋ ಬರೋಬ್ಬರಿ. ಫಜೀತಿಯೂ ಅಷ್ಟೇ. ಒಬ್ಬ ಕಿಡಿಗೇಡಿ ವಂಚನೆ ಮಾಡಿದರೆ ಜಾಲತಾಣದವರು ಆ ವಿಳಾಸಕ್ಕೇ ಬೀಗ ಜಡಿಯುತ್ತಾರೆ; ಅದರ ಹಿಂದಿರುವ ಪಾಪದ ಮಂದಿಯೂ ಹೊರಗೆ. 'ನಾನು ರೋಬೋಟ್ ಅಲ್ಲ' ಎಂದು ಪದೇ ಪದೇ ಸಾಬೀತು ಮಾಡುವ ಕಾಟಕ್ಕೂ ಇದು ಒಂದು ಕಾರಣ. ಅಂಗಡಿಯ ಕ್ಯಾಮೆರಾವನ್ನು ಮನೆಯಿಂದ ನೇರವಾಗಿ ನೋಡಹೋದರೆ ದಾರಿಯೇ ಸಿಗದು.

ಇದಕ್ಕಿಂತ ಭಯದ ಮಾತು ಪೊಲೀಸ್ ತನಿಖೆಯದು. 2007ರಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ನೌಕರನೊಬ್ಬನನ್ನು ಪುಣೆ ಪೊಲೀಸರು ಹಿಡಿದೊಯ್ದರು. 50 ದಿನ ಜೈಲಾಯಿತು. ಆಮೇಲೆ ನೋಡಿದರೆ ಐಪಿ ವಿಳಾಸದ ವಿವರವೇ ತಪ್ಪು, ಆತ ನಿರಪರಾಧಿ! ಒಬ್ಬನಿಗೆ ಒಂದು ವಿಳಾಸ ಎಂದು ತಿಳಿದಾಗಲೇ ಹೀಗಾದರೆ, ನೂರು ಜನಕ್ಕೆ ಒಂದೇ ವಿಳಾಸ ಇರುವಾಗ ಎಷ್ಟು ಎಚ್ಚರ ಬೇಕು?

ಬರೀ ವಿಳಾಸ ಸಾಲದು. ಯಾವ ಕಿಂಡಿ, ಯಾವ ಗಳಿಗೆ, ಯಾವ ಸೆಕೆಂಡು ಎಂಬುದೂ ದಾಖಲಾಗಿರಬೇಕು. ಜಾಲತಾಣ ನಡೆಸುವವರು ಇದನ್ನು ಬರೆದಿಡಲಿ ಎಂದು ಇಂಟರ್‌ನೆಟ್ ತಜ್ಞರ ಸಂಸ್ಥೆ ಐಇಟಿಎಫ್ 2011ರಲ್ಲೇ ಸಲಹೆ ಕೊಟ್ಟಿದೆ. ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು 180 ದಿನದ ದಾಖಲೆ ಇಡಲು ಆದೇಶಿಸಿದೆ. ಆದರೆ ಕಿಂಡಿ ನಂಬರು ಇಲ್ಲದ ದಾಖಲೆ, ಹೆಸರಿಲ್ಲದ ಉದ್ರಿ ಖಾತೆ ಇದ್ದಂಗ. ವಸೂಲಿ ಯಾರ ಹತ್ರ?

ನಿಜವಾದ ಮದ್ದು ಐಪಿವಿ6 ಎಂಬ ಹೊಸ ಪದ್ಧತಿ. ಅದರಲ್ಲಿ ವಿಳಾಸಕ್ಕೆ ಬರವಿಲ್ಲ. ದೇಶದ ದೊಡ್ಡ ಮೊಬೈಲ್ ಕಂಪನಿಗಳು ಆ ದಾರಿ ಹಿಡಿದಿವೆ. ಆದರೂ ಎಷ್ಟೋ ಜಾಲತಾಣಗಳು ಹಳೆಯ ವಿಳಾಸಕ್ಕೇ ಜೋತುಬಿದ್ದಿರುವುದರಿಂದ ಹಂಚಿಕೆ ತಪ್ಪಿಲ್ಲ.

ಆದ್ದರಿಂದ ಸಂಪರ್ಕ ಪಡೆಯುವಾಗ 'ಐಪಿವಿ6 ಉಂಟೋ ಇಲ್ಲೋ' ಎಂದು ಗಿರಾಕಿಗಳು ಕೇಳಲಿ. ಜಾಲತಾಣದವರು ವಿಳಾಸ ನೋಡಿ ಊರಿಗೇ ಬೀಗ ಹಾಕುವುದನ್ನು ಬಿಡಲಿ. ಪೊಲೀಸರು ಕಿಂಡಿ ಮತ್ತು ಸಮಯ ಎರಡೂ ತಾಳೆಯಾಗದೆ ಯಾರ ಬಾಗಿಲನ್ನೂ ಬಡಿಯದಿರಲಿ. ತಪ್ಪು ಮಾಡಿದವ ಸಿಗಲೇಬೇಕು. ಆದರೆ ನೆರೆಮನೆಯವನ ಕೈಗೆ ಕೋಳ ಬೀಳಬಾರದು.