ಇಂಟರ್‌ನೆಟ್ ಬಿಲ್ಲು ಮತ್ತು ಮನೆಯ ಲೆಕ್ಕದ ಪುಸ್ತಕ



ಈ ತಿಂಗಳ ಅಂಕಣವನ್ನು ಒಂದು ತಪ್ಪೊಪ್ಪಿಗೆಯಿಂದಲೇ ಆರಂಭಿಸಬೇಕಾಗಿದೆ. 2022ರ ಮಳೆಗಾಲದ ಒಂದು ಸಂಜೆ, ಧಾರವಾಡದ ನಮ್ಮ ಮನೆಯ ಇಂಟರ್‌ನೆಟ್ ಸರಿಪಡಿಸಲು ಬಂದಿದ್ದ ಹುಡುಗನೊಬ್ಬನ ಮೇಲೆ ನನ್ನ ವಯಸ್ಸಿಗೆ ತಕ್ಕುದಲ್ಲದ ರೀತಿಯಲ್ಲಿ ಕೂಗಾಡಿದೆ. ತಿಂಗಳಿಗೆ ಏಳುನೂರು ರೂಪಾಯಿ ಎಣಿಸಿಕೊಳ್ಳುವ ಸಂಸ್ಥೆಯು 100 ಮೆಗಾಬಿಟ್ ವೇಗ ಕೊಡುವುದಾಗಿ ಹೇಳಿ ಹತ್ತನ್ನೂ ಕೊಡುತ್ತಿಲ್ಲವೆಂಬುದು ನನ್ನ ಆರೋಪ. ಮೊಮ್ಮಗಳ ಪಾಠಗಳು ನಡುನಡುವೆ ನಿಂತುಹೋಗುತ್ತಿದ್ದವು. ಪರೀಕ್ಷೆಯೂ ಹತ್ತಿರ ಬಂದಿತ್ತು.

ಆ ಹುಡುಗ ಮರುಮಾತನಾಡಲಿಲ್ಲ. ಚೀಲದಿಂದ ತನ್ನ ಲ್ಯಾಪ್‌ಟಾಪ್ ತೆಗೆದು, ಒಂದು ಗಿಡ್ಡ ತಂತಿಯಿಂದ ನೇರವಾಗಿ ನಮ್ಮ ಪೆಟ್ಟಿಗೆಗೆ ಜೋಡಿಸಿ, ವೇಗವನ್ನು ಅಳೆದು ತೋರಿಸಿದ. ತೊಂಬತ್ತಾರು! ಬಳಿಕ ಮೆಲ್ಲನೆ, "ಅಜ್ಜಾರ, ಲೈನು ಬರೋಬರಿ ಐತ್ರಿ. ಡಬ್ಬಿ ಇಟ್ಟ ಜಾಗಾನ ಸರಿ ಇಲ್ರಿ" ಎಂದ.

ಅವನ ಮಾತು ಅಕ್ಷರಶಃ ನಿಜವಾಗಿತ್ತು. ನಮ್ಮದು ಹಳೆಯ ಕಾಲದ ಮನೆ. ಎರಡಡಿ ದಪ್ಪದ ಮಣ್ಣಿನ ಗೋಡೆಗಳು. ಚಂದ ಕೆಡಬಾರದೆಂದು ಆ ಪೆಟ್ಟಿಗೆಯನ್ನು ಒಳಕೋಣೆಯಲ್ಲಿ ಕಬ್ಬಿಣದ ಬೀರುವಿನ ಹಿಂದೆ ಇಡಿಸಿದವನು ನಾನೇ! ಹುಡುಗ ಅದನ್ನು ಪಡಸಾಲೆಯ ಗೋಡೆಗೆ ಎತ್ತರದಲ್ಲಿ ಹಾಕಿಕೊಟ್ಟು, ನಾನು ಕೊಟ್ಟ ಚಹಾ ಕುಡಿದು ಹೊರಟುಹೋದ. ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಮೂವತ್ತು ವರ್ಷ ಕಳೆದ ನಾನು, ಅಳೆಯದೆಯೇ ಆರೋಪ ಮಾಡಿದ್ದೆ. ಆ ನಾಚಿಕೆಯಿಂದಲೇ ಈ ವಿಷಯವನ್ನು ಅರಿತುಕೊಳ್ಳುವ ಹಂಬಲ ಹುಟ್ಟಿತು.

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ನಮ್ಮ ದೇಶದ ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆ ಒದಗಿಸಿದಾಗ, ಇದು ನಮ್ಮ ಅಡುಗೆಮನೆಯವರೆಗೂ ಬಂದೀತೆಂದು ಎಷ್ಟು ಜನ ಎಣಿಸಿದ್ದೆವು? ಇಂದು ಮಕ್ಕಳ ಪಾಠ, ಬ್ಯಾಂಕಿನ ವ್ಯವಹಾರ, ಪಹಣಿ, ಪರದೇಶದಲ್ಲಿರುವ ಮಗನ ಮುಖ ಇವೆಲ್ಲವೂ ಒಂದು ಕೂದಲೆಳೆಯಂತಹ ಗಾಜಿನ ತಂತುವಿನ ಮೂಲಕ ಮನೆಯೊಳಗೆ ಬರುತ್ತಿವೆ. ಆದರೆ ಹಾಲಿನವನೊಂದಿಗೆ, ಕಿರಾಣಿ ಅಂಗಡಿಯವನೊಂದಿಗೆ ಇಟ್ಟುಕೊಳ್ಳುವ ಲೆಕ್ಕವನ್ನು ನಾವು ಈ ಸೇವೆ ಕೊಡುವವರೊಂದಿಗೆ ಇಟ್ಟುಕೊಳ್ಳುವುದಿಲ್ಲ. ನಷ್ಟದ ಮೂಲ ಅಲ್ಲಿಯೇ ಇದೆ.

ವೇಗದ ಲೆಕ್ಕ

ಮೊದಲನೆಯದಾಗಿ, ಬಿಟ್ ಬೇರೆ, ಬೈಟ್ ಬೇರೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಸಂಸ್ಥೆಗಳು ವೇಗವನ್ನು ಬಿಟ್‌ಗಳಲ್ಲಿ ಹೇಳುತ್ತವೆ. ನಮ್ಮ ಕಂಪ್ಯೂಟರು ಕಡತಗಳ ಗಾತ್ರವನ್ನು ಬೈಟ್‌ಗಳಲ್ಲಿ ತೋರಿಸುತ್ತದೆ. ಆದ್ದರಿಂದ 100 ಮೆಗಾಬಿಟ್ ಸಂಪರ್ಕದಲ್ಲಿ ಕ್ಷಣಕ್ಕೆ ಹೆಚ್ಚೆಂದರೆ 12.5 ಮೆಗಾಬೈಟ್ ಬರುತ್ತದೆ. ಹನ್ನೆರಡು ಎಂಬ ಅಂಕಿ ಕಂಡೊಡನೆ ಮೋಸವಾಯಿತೆಂದು ಗಾಬರಿಪಡಬೇಕಾಗಿಲ್ಲ.

ಎರಡನೆಯದಾಗಿ, ಜಾಹೀರಾತಿನಲ್ಲಿ '100 ಮೆಗಾಬಿಟ್ ವರೆಗೆ' ಎಂದಿರುತ್ತದೆ. ಆ 'ವರೆಗೆ' ಎಂಬ ಪದವನ್ನು ನಾವು ಓದುವುದೇ ಇಲ್ಲ. ಬೀದಿಯಲ್ಲಿ ಬರುವ ಒಂದು ಫೈಬರ್ ಎಳೆಯನ್ನು ಸಾಮಾನ್ಯವಾಗಿ ಮೂವತ್ತೆರಡು ಅಥವಾ ಅರವತ್ತನಾಲ್ಕು ಮನೆಗಳಿಗೆ ಕವಲೊಡೆದು ಹಂಚಿರುತ್ತಾರೆ. ಒಂದು ಕೆರೆಯ ಕಾಲುವೆಯನ್ನು ಹಲವು ಹೊಲಗಳು ಹಂಚಿಕೊಂಡಂತೆ, ರಾತ್ರಿ ಎಂಟು ಗಂಟೆಗೆ ಎಲ್ಲರೂ ಏಕಕಾಲಕ್ಕೆ ತೂಬು ಎತ್ತಿದರೆ ನೀರಿನ ರಭಸ ತಗ್ಗಬಹುದು. ಸ್ವಲ್ಪ ಇಳಿತ ಸಹಜ. ಪ್ರತಿದಿನವೂ ಅರ್ಧಕ್ಕಿಂತ ಕೆಳಗಿಳಿದರೆ ಅದು ಸಂಸ್ಥೆಯ ಲೋಪ. ಕಾನೂನಿನ ರಕ್ಷಣೆ ಈ ವಿಷಯದಲ್ಲಿ ಬಹಳ ತೆಳುವಾದದ್ದು. 'ಬ್ರಾಡ್‌ಬ್ಯಾಂಡ್' ಎನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗ 2004ರ ನೀತಿಯಲ್ಲಿ 256 ಕಿಲೋಬಿಟ್ ಇದ್ದು, 2023ರಲ್ಲಿ 2 ಮೆಗಾಬಿಟ್‌ಗೆ ಏರಿತು. ನೂರಕ್ಕೆ ಹಣ ಕೊಡುವವನಿಗೆ ಎರಡರ ಖಾತರಿಯಿಂದ ಏನು ಪ್ರಯೋಜನ? ಆದ್ದರಿಂದ ಯೋಜನೆಯ ವಿವರಗಳನ್ನು ಬರವಣಿಗೆಯಲ್ಲಿ ಪಡೆದಿರಬೇಕು.

ಮೂರನೆಯದು ಮನೆಯೊಳಗಿನ ದೋಷ. ಪೆಟ್ಟಿಗೆಯಿಂದ ಹೊರಡುವ ವೈಫೈ ಅಲೆಗಳು ಸಾಮಾನ್ಯವಾಗಿ ಎರಡು ಬಗೆಯವು. 2.4 ಗಿಗಾಹರ್ಟ್ಸ್ ಅಲೆ ದೂರ ಹೋಗುತ್ತದೆ, ಆದರೆ ನಿಧಾನ; ನೆರೆಹೊರೆಯವರ ಅಲೆಗಳೂ ಅದರಲ್ಲಿ ಬೆರೆತು ಗದ್ದಲ ಮಾಡುತ್ತವೆ. 5 ಗಿಗಾಹರ್ಟ್ಸ್ ಅಲೆ ವೇಗವಾದದ್ದು, ಆದರೆ ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ. ಪೆಟ್ಟಿಗೆಯನ್ನು ಮನೆಯ ನಡುಭಾಗದಲ್ಲಿ, ಎತ್ತರದಲ್ಲಿ, ಲೋಹದ ಸಾಮಾನುಗಳಿಂದ ದೂರವಿಡಿ. ಗಾಜಿನ ತಂತುವನ್ನು ಮಡಚಬೇಡಿ, ಬಾಗಿಲ ಸಂದಿಯಲ್ಲಿ ಸಿಕ್ಕಿಸಬೇಡಿ. ಪೆಟ್ಟಿಗೆಯ ಮೇಲೆ ಕೆಂಪು ದೀಪ ಮಿಣುಕುತ್ತಿದ್ದರೆ ಹೊರಗಿನಿಂದ ಬೆಳಕಿನ ಸಂಕೇತವೇ ಬರುತ್ತಿಲ್ಲವೆಂದು ಸಾಮಾನ್ಯವಾಗಿ ತಿಳಿಯಬೇಕು. ಆಗ ಪೆಟ್ಟಿಗೆಯನ್ನು ನೂರು ಸಲ ಆರಿಸಿ ಹಚ್ಚಿದರೂ ಫಲವಿಲ್ಲ. ದೂರು ಕೊಡುವ ಮುನ್ನ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ಹೀಗೆ ಮೂರು ದಿನ ತಂತಿಯಿಂದಲೇ ವೇಗ ಅಳೆದು ಬರೆದಿಡಿ.

ಬೆಲೆಯ ಲೆಕ್ಕ

ಜಾಹೀರಾತಿನ ಬೆಲೆ ಬೇರೆ, ಬಿಲ್ಲಿನ ಬೆಲೆ ಬೇರೆ. 599 ರೂಪಾಯಿಯ ಯೋಜನೆಗೆ ಶೇಕಡಾ 18ರ ಜಿ.ಎಸ್.ಟಿ. ಸೇರಿದರೆ 707 ರೂಪಾಯಿ ಆಗುತ್ತದೆ. ಇದರ ಮೇಲೆ ಜೋಡಣೆಯ ಶುಲ್ಕ, ಪೆಟ್ಟಿಗೆಯ ಠೇವಣಿ. 'ಆರು ತಿಂಗಳ ಹಣ ಒಮ್ಮೆಗೇ ಕಟ್ಟಿದರೆ ಒಂದು ತಿಂಗಳು ಉಚಿತ' ಎಂಬ ಆಮಿಷಕ್ಕೆ ಕೂಡಲೇ ಒಳಗಾಗಬೇಡಿ. ಮೊದಲ ತಿಂಗಳು ಸೇವೆ ಹೇಗಿದೆಯೆಂದು ನೋಡಿ, ನಿಮ್ಮ ಓಣಿಯಲ್ಲಿ ಅದೇ ಸಂಪರ್ಕವಿರುವ ನಾಲ್ಕು ಮನೆಗಳಲ್ಲಿ ವಿಚಾರಿಸಿ, ಅನಂತರ ಮುಂಗಡ ಕಟ್ಟಿರಿ. ಹಣ ಮೊದಲೇ ಸಂದಾಯವಾದ ಮೇಲೆ ಗ್ರಾಹಕನ ಕೈಯಲ್ಲಿ ಉಳಿಯುವುದು ವಿನಂತಿ ಮಾತ್ರ.

'ಅನಿಯಮಿತ' ಎಂಬ ಪದಕ್ಕೂ ಮಿತಿ ಉಂಟು. ಅನೇಕ ಯೋಜನೆಗಳಲ್ಲಿ ತಿಂಗಳಿಗೆ ಇಷ್ಟು ಗಿಗಾಬೈಟ್ ದಾಟಿದರೆ ವೇಗ ಕುಸಿಯುತ್ತದೆ. ಆ ಮಿತಿ ಎಷ್ಟು, ಕುಸಿದ ಮೇಲಿನ ವೇಗವೆಷ್ಟು ಎಂಬ ಎರಡು ಪ್ರಶ್ನೆಗಳನ್ನು ಕೇಳಲೇಬೇಕು. ಹೆಚ್ಚಿನ ವೇಗಕ್ಕೆ ದುಡ್ಡು ಸುರಿಯುವ ಮುನ್ನ ಅಗತ್ಯವನ್ನೂ ಅಳೆಯಿರಿ. ಸ್ಪಷ್ಟವಾದ ಒಂದು ವಿಡಿಯೋ ಕರೆಗೆ ಮೂರು ನಾಲ್ಕು ಮೆಗಾಬಿಟ್ ಸಾಕು. ನಾಲ್ಕೈದು ಜನರ ಸಂಸಾರಕ್ಕೆ ನಿಜವಾಗಿ ಬರುವ 40-50 ಮೆಗಾಬಿಟ್ ಧಾರಾಳ. ಕಾಗದದ ಮೇಲಿನ 300ಕ್ಕಿಂತ ಮನೆಯಲ್ಲಿ ಸಿಗುವ 50 ಲೇಸು.

ಪೆಟ್ಟಿಗೆಯ ಲೆಕ್ಕ

ಇಲ್ಲಿ ನಮ್ಮ ಓಣಿಯ ಅಕ್ಕನವರ ಕಥೆ ಹೇಳಬೇಕು. ನಿವೃತ್ತ ಶಿಕ್ಷಕಿ, ಮನೆಯಲ್ಲಿ ಒಬ್ಬರೇ. ಮಗ ಸೊಸೆ ಅಮೆರಿಕದಲ್ಲಿ. ದಿನವೂ ಸಂಜೆ ಏಳಕ್ಕೆ, ಅಲ್ಲಿ ಬೆಳಗಾದಾಗ, ಮೊಮ್ಮಗನ ಮುಖ ನೋಡಿದ ಮೇಲೆಯೇ ಅವರ ಊಟ. ನೋಡಲು ಮಗ ಕೊಡಿಸಿದ ಟ್ಯಾಬ್. ಮೊಬೈಲು ಗುಂಡಿಯ ಹಳೆಯ ಫೋನು. ಸಂಪರ್ಕ ಪಡೆಯುವಾಗ 'ರೂಟರ್ ಉಚಿತ' ಎಂದಿದ್ದರಂತೆ. ಬಳಿಕ ಒಂದು ಸಾವಿರ ರೂಪಾಯಿ ಠೇವಣಿ ಎಂದು ನಗದು ಪಡೆದರು. ರಸೀದಿ ಕೊಡಲಿಲ್ಲ, ಅಕ್ಕನವರು ಕೇಳಲಿಲ್ಲ.

2023ರಲ್ಲಿ ಗಟಾರು ಅಗೆಯುವ ಕೆಲಸದಲ್ಲಿ ಅವರ ಕೇಬಲ್ ತುಂಡಾಯಿತು. ಲೈನಿನ ಹುಡುಗನಿಗೆ ದಿನವೂ ಫೋನು. "ನಾಳೆ ಬರ್ತೀನ್ರಿ ಅಮ್ಮಾರ" ಎಂಬುದೇ ದಿನದ ಉತ್ತರ. ಹೀಗೆ ಹನ್ನೆರಡು ದಿನ ಕಳೆದ ಮೇಲೆ ನನಗೆ ತಿಳಿಯಿತು. "ಅಕ್ಕಾರ, ದೂರಿನ ನಂಬರ್ ಎಷ್ಟ್ರಿ?" ಎಂದು ಕೇಳಿದೆ. "ನಂಬರಾ? ಅಂವಾ ನಮ್ಮ ಪೈಕಿ ಹುಡುಗ ಇದ್ದಂಗ ಅದಾನ ತಮ್ಮಾ, ನಂಬರ್ ಯಾಕ?" ಎಂದರು. ಆ ದಿನವೇ ಸಂಸ್ಥೆಯ ದೂರು ಕೇಂದ್ರಕ್ಕೆ ಕರೆಮಾಡಿ ಸಂಖ್ಯೆ ಪಡೆದು, ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದೆವು. ಐದನೆಯ ದಿನ ಲೈನು ಬಂದಿತು.

ಬೇಸತ್ತ ಅಕ್ಕನವರು ಆ ಸಂಪರ್ಕವನ್ನೇ ಮುಚ್ಚಿಸಿದರು. ಪೆಟ್ಟಿಗೆ ಒಯ್ಯಲು ಬಂದವನಿಗೆ, ನಾನು ಹೇಳಿಕೊಟ್ಟಂತೆ, ಒಂದು ಚೀಟಿ ಬರೆಸಿಕೊಂಡೇ ಕೊಟ್ಟರು: ಪೆಟ್ಟಿಗೆಯ ಕ್ರಮಸಂಖ್ಯೆ, ತಾರೀಕು, ಅವನ ಸಹಿ. ಎರಡು ತಿಂಗಳ ಮೇಲೆ ಪೆಟ್ಟಿಗೆ ಹಿಂತಿರುಗಿಸಿಲ್ಲವೆಂದೂ ಅದರ ಬೆಲೆ 2,500 ರೂಪಾಯಿ ಕಟ್ಟಬೇಕೆಂದೂ ನೋಟೀಸು ಬಂದಿತು. ಆ ಚೀಟಿಯ ಪ್ರತಿಯನ್ನು ಲಗತ್ತಿಸಿ ಮೇಲ್ಮನವಿ ಬರೆದೆವು. ಬೇಡಿಕೆ ರದ್ದಾಯಿತು. ಕೆಟ್ಟ ದಿನಗಳ ಬಾಡಿಗೆಯಲ್ಲಿ ರಿಯಾಯಿತಿಯನ್ನೂ ಕೊಟ್ಟರು. ಆದರೆ ಹದಿನೇಳು ದಿನಗಳಿಗಲ್ಲ, ಐದೇ ದಿನಗಳ ಲೆಕ್ಕ ಹಿಡಿದು. ಸಂಖ್ಯೆ ಇಲ್ಲದ ಹನ್ನೆರಡು ದಿನಗಳು ಅವರ ದಾಖಲೆಯಲ್ಲಿ ಇರಲೇ ಇಲ್ಲ. ರಸೀದಿ ಇಲ್ಲದ ಸಾವಿರ ರೂಪಾಯಿಯೂ ಮರಳಲಿಲ್ಲ. ಬರೆದಿಟ್ಟದ್ದು ಉಳಿಯಿತು, ಬರೆಯದಿದ್ದದ್ದು ಹೋಯಿತು.

ಆದುದರಿಂದ ಪೆಟ್ಟಿಗೆ ಮನೆಗೆ ಬಂದ ದಿನವೇ ಕೇಳಿರಿ: ಇದು ನಮ್ಮ ಸ್ವಂತದ್ದೋ, ಎರವಲೋ? ಎರವಲಾದರೆ ಠೇವಣಿ ಎಷ್ಟು? ಪೆಟ್ಟಿಗೆಯ ತಳಭಾಗದಲ್ಲಿರುವ ಕ್ರಮಸಂಖ್ಯೆಯ ಫೋಟೋ ತೆಗೆದಿಡಿ. ಅಲ್ಲಿಯೇ ಅಚ್ಚಾಗಿರುವ ಪಾಸ್‌ವರ್ಡನ್ನು ಬದಲಿಸಿರಿ. ಊರಿನ ಕೇಬಲ್‌ನವರ ಮೂಲಕ ಸಂಪರ್ಕ ಪಡೆದಿದ್ದರೆ, ಪರವಾನಗಿ ಇರುವ ಸಂಸ್ಥೆ ಯಾವುದೆಂದು ತಿಳಿದು, ಜಿ.ಎಸ್.ಟಿ. ಸಂಖ್ಯೆ ಇರುವ ಬಿಲ್ಲನ್ನೇ ಪಡೆಯಿರಿ.

ದೂರಿನ ಮೆಟ್ಟಿಲುಗಳು

ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು (ಟ್ರಾಯ್) 2012ರಲ್ಲಿ ರೂಪಿಸಿದ ನಿಯಮಾವಳಿ ಎರಡು ಮೆಟ್ಟಿಲುಗಳನ್ನು ಹೇಳುತ್ತದೆ. ಮೊದಲನೆಯದು ಸಂಸ್ಥೆಯ ದೂರು ಕೇಂದ್ರ. ಅಲ್ಲಿ ಪ್ರತಿ ದೂರಿಗೂ ಸಂಖ್ಯೆ ಕೊಡಬೇಕು. ಪರಿಹಾರ ದೊರೆಯದಿದ್ದರೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರ. ಇದಕ್ಕೆ ಶುಲ್ಕವಿಲ್ಲ, 39 ದಿನಗಳೊಳಗೆ ತೀರ್ಮಾನಿಸಬೇಕು. ಅನೇಕರು ನೇರವಾಗಿ ಟ್ರಾಯ್‌ಗೆ ಬರೆದು ಕಾಯುತ್ತಾರೆ. ಆ ಸಂಸ್ಥೆ ನಿಯಮ ರೂಪಿಸುತ್ತದೆಯೇ ಹೊರತು ಒಬ್ಬೊಬ್ಬ ಗ್ರಾಹಕನ ವ್ಯಾಜ್ಯವನ್ನು ತೀರ್ಮಾನಿಸುವುದಿಲ್ಲ.

ಇಷ್ಟಕ್ಕೂ ಮಣಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅದರಾಚೆ ಜಿಲ್ಲಾ ಗ್ರಾಹಕರ ಆಯೋಗ. ದೂರಸಂಪರ್ಕದ ವ್ಯಾಜ್ಯಗಳನ್ನು ಗ್ರಾಹಕರ ನ್ಯಾಯಾಲಯಗಳು ವಿಚಾರಿಸಬಹುದೇ ಎಂಬ ಬಗ್ಗೆ ಬಹುಕಾಲ ಗೊಂದಲವಿತ್ತು. 2022ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಚಾರಿಸಬಹುದೆಂದು ತೀರ್ಪಿತ್ತಿತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ನಾವು ವಾಸಿಸುವ ಊರಿನ ವ್ಯಾಪ್ತಿಯಲ್ಲಿಯೇ ದೂರು ಸಲ್ಲಿಸಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದಿಲ್ಲ. ಆದರೆ ಎರಡು ವರ್ಷಗಳೊಳಗೆ ಸಲ್ಲಿಸಬೇಕು, ಕೈಯಲ್ಲಿ ಕಾಗದವಿರಬೇಕು.

ಇದಕ್ಕಾಗಿ ನಾನು ನಮ್ಮ ಮನೆಯಲ್ಲಿ ಒಂದು ಸಾದಾ ನೋಟುಪುಸ್ತಕ ಇಟ್ಟಿದ್ದೇನೆ. ಯೋಜನೆಯ ಹೆಸರು, ಕಟ್ಟಿದ ಹಣ, ಪೆಟ್ಟಿಗೆಯ ಸಂಖ್ಯೆ, ಲೈನು ಹೋದ ತಾರೀಕು, ದೂರಿನ ಸಂಖ್ಯೆ, ಲೈನು ಬಂದ ತಾರೀಕು. ದಿನಕ್ಕೆ ಒಂದು ನಿಮಿಷದ ಕೆಲಸವೂ ಅಲ್ಲ. ಬರೆಯುವ ಕೆಲಸವನ್ನು ಮೊಮ್ಮಗಳಿಗೆ ವಹಿಸಿದ್ದೇನೆ. ಲೆಕ್ಕ ಇಡುವ ಗುಣವೂ ಅವಳಿಗೆ ಬರಲಿ ಎಂಬ ಆಸೆ.

ಇನ್ನೊಂದು ಮಾತು. ಕಂಬ ಹತ್ತಿ, ಮಳೆಯಲ್ಲಿ ನೆನೆದು ನಮ್ಮ ಬಾಗಿಲಿಗೆ ಬರುವ ಹುಡುಗ ಬೆಲೆ ಗೊತ್ತುಮಾಡಿದವನಲ್ಲ, ಜಾಹೀರಾತು ಬರೆದವನೂ ಅಲ್ಲ. ನಮ್ಮ ಸಿಟ್ಟು ಅವನಿಗೆ ಸಲ್ಲತಕ್ಕದ್ದಲ್ಲ. ಬಾಗಿಲಿಗೆ ಬಂದವನಿಗೆ ಚಹಾ, ಸಂಸ್ಥೆಗೆ ಕಾಗದ. ಇದು ಈಗ ನಮ್ಮ ಮನೆಯ ಪದ್ಧತಿ.

ಅಕ್ಕನವರಿಗೆ ಈಗ ಬೇರೆ ಸಂಪರ್ಕವಿದೆ. ಹೋದ ಸಾವಿರ ರೂಪಾಯಿಯ ಮಾತನ್ನು ಅವರು ಎತ್ತುವುದೇ ಇಲ್ಲ. ಆದರೆ ಲೈನು ಸತ್ತಿದ್ದ ಆ ಹದಿನೇಳು ದಿನಗಳಲ್ಲಿಯೇ ಮೊಮ್ಮಗ ಮೊದಲ ಹೆಜ್ಜೆ ಇಟ್ಟಿದ್ದ. ಮಗ ಅದನ್ನು ಚಿತ್ರೀಕರಿಸಿಟ್ಟು ಆಮೇಲೆ ಕಳಿಸಿದ, ಅಕ್ಕನವರು ನೋಡಿದರು. "ನೋಡಿದೆ ಖರೆ ತಮ್ಮಾ, ಆದರ ನಾ ಚಪ್ಪಾಳಿ ತಟ್ಟಿದ್ದು ಅವಂಗ ಕೇಳಲಿಲ್ಲ" ಎಂದರು. ಇದಕ್ಕೆ ಯಾವ ನಿಯಮಾವಳಿಯಲ್ಲಿಯೂ ರಿಯಾಯಿತಿ ಇಲ್ಲ. ಲೈನು ಹೋದ ಮೊದಲನೆಯ ದಿನವೇ ದೂರಿನ ಸಂಖ್ಯೆ ಪಡೆಯಿರೆಂದು ನಾನು ಒತ್ತಿ ಹೇಳುತ್ತಿರುವುದು ರೂಪಾಯಿಗಾಗಿ ಮಾತ್ರವಲ್ಲ.