ಮಾಷ್ಟ್ರು ಚುರುಕಾದರೆ ಸಾಕೇ, ಮೇಜೂ ದೊಡ್ಡದಿರಬೇಡವೇ?

ಮೊನ್ನೆ ನಮ್ಮ ಶಾಲೆಯ ಹಳೆ ವಿದ್ಯಾರ್ಥಿ ಸಂಘದವರು ಬಂದಿದ್ದರು. ಗಲ್ಫಿನಲ್ಲಿರುವ ಹುಡುಗರೆಲ್ಲ ಸೇರಿ ಒಂದಿಷ್ಟು ದುಡ್ಡು ಒಟ್ಟು ಮಾಡಿದ್ದಾರೆ. ಶಾಲೆಗೆ ನಾಲ್ಕು ಲ್ಯಾಪ್‌ಟಾಪ್ ಕೊಡುವ ಆಲೋಚನೆ.

"ಮಾಷ್ಟ್ರೇ, ಹೊಸ ನಮೂನೆಯ ಪ್ರೊಸೆಸರ್ ಬಂದಿದೆಯಂತೆ. ಬೆಳಿಗ್ಗೆ ಚಾರ್ಜ್ ಮಾಡಿದರೆ ಸಂಜೆಯವರೆಗೆ ಬರುತ್ತದಂತೆ. ಮಳೆಗಾಲದಲ್ಲಿ ಕರೆಂಟು ಹೋದರೂ ಪಾಠ ನಿಲ್ಲುವುದಿಲ್ಲ. ಅದನ್ನೇ ತೆಗೆದುಕೊಳ್ಳುವುದಾ?" ಎಂದು ಕೇಳಿದರು.

ಒಳ್ಳೆಯ ಮನಸ್ಸಿನಿಂದ ಕೊಡುವವರ ಎದುರು ತಕ್ಷಣ ಬೇಡ ಎನ್ನಲು ನಾಲಗೆ ಬರಲಿಲ್ಲ. ನಾಳೆ ಹೇಳುತ್ತೇನೆ ಎಂದೆ. ಆ ನಾಳೆಯ ಮಾತನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬೇರೆ ಶಾಲೆಗಳವರಿಗೂ ಉಪಯೋಗವಾದೀತು.

ಮೊದಲು ನನ್ನದೇ ಒಂದು ಪೆಟ್ಟಿನ ಕಥೆ. 2020ರಲ್ಲಿ ಆನ್‌ಲೈನ್ ತರಗತಿಗೆಂದು ಮನೆಗೊಂದು ತೆಳ್ಳನೆಯ ಲ್ಯಾಪ್‌ಟಾಪ್ ತಂದೆ. ಹಗುರ, ಸದ್ದಿಲ್ಲ, ಬ್ಯಾಟರಿಯೂ ಚೆನ್ನಾಗಿತ್ತು. ಮೆಮೊರಿ ಮಾತ್ರ 4 ಜಿಬಿ. ಮೂರು ವರ್ಷ ಕಳೆಯುವಷ್ಟರಲ್ಲಿ ಬ್ರೌಸರಿನಲ್ಲಿ ನಾಲ್ಕು ಪುಟ ತೆರೆದರೆ ಸಾಕು, ಏದುಸಿರು ಬಿಡತೊಡಗಿತು. ರಿಪೇರಿಯವನು ಹಿಂಬದಿ ಬಿಚ್ಚಿ ನೋಡಿ, "ಇದರ ಮೆಮೊರಿ ಬೋರ್ಡಿಗೇ ಬೆಸೆದದ್ದು ಮಾಷ್ಟ್ರೇ, ಏರಿಸಲಿಕ್ಕೆ ಆಗುವುದಿಲ್ಲ" ಎಂದ. ಅದಕ್ಕಿಂತ ಹಳೆಯದೊಂದು ಲ್ಯಾಪ್‌ಟಾಪ್ ಶಾಲೆಯಲ್ಲಿತ್ತು. ಅದರಲ್ಲಿ ಖಾಲಿ ಸ್ಲಾಟ್ ಇದ್ದುದರಿಂದ ಒಂದು ಮೆಮೊರಿ ತುಂಡು ಸಿಕ್ಕಿಸಿದೆವು. ಅದು ಈಗಲೂ ಓಡುತ್ತಿದೆ!

ನಾನು ಮಕ್ಕಳಿಗೆ ಹೀಗೆ ವಿವರಿಸುವುದುಂಟು. ಪ್ರೊಸೆಸರ್ ಎಂದರೆ ಪಾಠ ಮಾಡುವ ಮಾಷ್ಟ್ರು. ಮೆಮೊರಿ ಅಂದರೆ ರ‍್ಯಾಮ್ ಅವರ ಮುಂದಿನ ಮೇಜು. ಎಸ್‌ಎಸ್‌ಡಿ ಮೂಲೆಯ ಕಪಾಟು. ಮೇಜು ಚಿಕ್ಕದಾದರೆ ಮಾಷ್ಟ್ರು ಎಷ್ಟೇ ಚುರುಕಾಗಿದ್ದರೂ ಪುಸ್ತಕಕ್ಕಾಗಿ ಕಪಾಟಿಗೆ ಓಡಾಡುತ್ತಲೇ ಇರಬೇಕು. ಎಸ್‌ಎಸ್‌ಡಿಯಿಂದ ಒಂದು ತುಣುಕು ತರಲು ರ‍್ಯಾಮ್‌ಗಿಂತ ನೂರಾರು ಪಟ್ಟು ಹೆಚ್ಚು ಸಮಯ ಬೇಕು. ಲ್ಯಾಪ್‌ಟಾಪ್ "ಹ್ಯಾಂಗ್" ಆಯಿತು ಎನ್ನುತ್ತೇವಲ್ಲ, ಎಷ್ಟೋ ಸಲ ಅದು ಈ ಓಡಾಟವೇ.

ಈಗ ಹೊಸ ಪ್ರೊಸೆಸರ್‌ಗಳ ವಿಷಯಕ್ಕೆ ಬರೋಣ. 2020ರ ನವೆಂಬರಿನಲ್ಲಿ ಆಪಲ್ ಕಂಪೆನಿ ತನ್ನ ಎಂ1 ಚಿಪ್ ತಂದಾಗ ಮೆಮೊರಿಯನ್ನು ಪ್ರೊಸೆಸರಿನ ಪಕ್ಕದಲ್ಲೇ, ಒಂದೇ ಪೊಟ್ಟಣದೊಳಗೆ ಇಟ್ಟಿತು. 2024ರ ಸೆಪ್ಟೆಂಬರಿನಲ್ಲಿ ಇಂಟೆಲ್ ಕೂಡ ಲೂನಾರ್ ಲೇಕ್ ಎಂಬ ಚಿಪ್ಪಿನಲ್ಲಿ ಹಾಗೆಯೇ ಮಾಡಿತು. ದಾರಿ ಹತ್ತಿರವಾದಷ್ಟೂ ಮಾಹಿತಿ ಸಾಗಿಸಲು ಖರ್ಚಾಗುವ ವಿದ್ಯುತ್ ಕಡಿಮೆ. ಬ್ಯಾಟರಿ ದಿನವಿಡೀ ಬರುವುದಕ್ಕೆ ಇದೂ ಒಂದು ಕಾರಣ. ಇದು ಸುಳ್ಳಲ್ಲ, ನಿಜವಾದ ಸಾಧನೆಯೇ.

ಆದರೆ ಇದಕ್ಕೆ ಬೆಲೆ ತೆರಬೇಕು. ಲೂನಾರ್ ಲೇಕ್ ಚಿಪ್ 16 ಅಥವಾ 32 ಜಿಬಿ ಮೆಮೊರಿಯೊಂದಿಗೆ ಮಾತ್ರ ಬರುತ್ತದೆ. ಕೊಂಡ ದಿನ ಎಷ್ಟೋ ಅಷ್ಟೇ, ಆಮೇಲೆ ಒಂದು ಜಿಬಿಯೂ ಸೇರಿಸುವಂತಿಲ್ಲ. ಅದರಲ್ಲಿರುವುದು 8 ಕೋರ್. ಒಂದು ಕೋರ್ ಏಕಕಾಲಕ್ಕೆ ಎರಡು ಕೆಲಸ ಹಿಡಿಯುವ ಹೈಪರ್‌ಥ್ರೆಡಿಂಗ್ ಎಂಬ ಏರ್ಪಾಟನ್ನೂ ವಿದ್ಯುತ್ ಉಳಿಸಲೆಂದು ಕೈಬಿಟ್ಟಿದ್ದಾರೆ. (ಒಂದೇ ಕೋಣೆಯಲ್ಲಿ ಮೂರನೆಯ, ನಾಲ್ಕನೆಯ ತರಗತಿಗಳನ್ನು ಒಟ್ಟಿಗೆ ನಿಭಾಯಿಸಿದ ನಮ್ಮಂಥವರಿಗೆ ಅದೇನೆಂದು ಬಿಡಿಸಿ ಹೇಳಬೇಕಾಗಿಲ್ಲ!) ಬರೆಯುವುದು, ಓದುವುದು, ಸ್ಲೈಡ್ ತೋರಿಸುವುದು ಇಂಥ ಕೆಲಸಕ್ಕೆ ಏನೂ ಕೊರತೆಯಾಗದು. ಬ್ಲೆಂಡರಿನಲ್ಲಿ ಅನಿಮೇಷನ್ ರೆಂಡರ್ ಮಾಡುವಂಥ, ಎಲ್ಲ ಕೋರ್‌ಗಳೂ ದುಡಿಯಬೇಕಾದ ಕೆಲಸದಲ್ಲಿ ಮಾತ್ರ ಹಿಂದಿನ 16 ಕೋರಿನ ಚಿಪ್ಪುಗಳೇ ಮುಂದು.

ಮುಂದೆ ಇಂಟೆಲ್ ಕೂಡ ಈ ದಾರಿ ಬಿಟ್ಟಿತು. 2026ರ ಆರಂಭದಲ್ಲಿ ಬಂದ ಪ್ಯಾಂಥರ್ ಲೇಕ್ ಚಿಪ್‌ಗಳಲ್ಲಿ ಮೆಮೊರಿ ಮತ್ತೆ ಪೊಟ್ಟಣದ ಹೊರಗಿದೆ. ಹಾಗೆಂದು ಸ್ಲಾಟ್ ಇದ್ದೇ ಇರುತ್ತದೆ ಎಂದುಕೊಳ್ಳಬೇಡಿ, ತಯಾರಕರು ಬೋರ್ಡಿಗೆ ಬೆಸೆದಿರಲೂಬಹುದು.

ಇನ್ನು 2024ರಲ್ಲೇ ಬಂದ ಸ್ನಾಪ್‌ಡ್ರ್ಯಾಗನ್ ಎಕ್ಸ್ ಚಿಪ್ಪಿನ ಲ್ಯಾಪ್‌ಟಾಪ್‌ಗಳು. ಬ್ಯಾಟರಿಯಲ್ಲಿ ಇವೂ ಗಟ್ಟಿ. ಆದರೆ ಇವು ಮೊಬೈಲಿನಂತೆ ಆರ್ಮ್ ಮಾದರಿಯವು. ನಮ್ಮ ಕೇರಳದ ಶಾಲೆಗಳಲ್ಲಿ ಕೈಟ್ ಸಂಸ್ಥೆ ಕೊಡುವ ಉಬುಂಟು ಆಧಾರಿತ ವ್ಯವಸ್ಥೆ ಇಂಟೆಲ್, ಎಎಂಡಿ ಮಾದರಿಯ ಯಂತ್ರಗಳಿಗೆಂದು ಮಾಡಿದ್ದು. ವಿಂಡೋಸಿನಲ್ಲೂ ಆಫೀಸಿನ ಹಳೆಯ ಪ್ರಿಂಟರಿಗೆ ಆರ್ಮ್ ಡ್ರೈವರ್ ಸಿಗದಿದ್ದರೆ ಒಂದು ಸರ್ಟಿಫಿಕೇಟ್ ಮುದ್ರಿಸಲಿಕ್ಕೂ ಪರದಾಟ. ಶಾಲೆಗೆ ಇದು ಬೇಡವೇ ಬೇಡ.

ಹಾಗಾದರೆ ಕರೆಂಟು ಹೋದಾಗ ಏನು ಮಾಡುವುದು? ಸ್ವಲ್ಪ ಯೋಚಿಸಿ. ಕರೆಂಟು ಹೋದರೆ ಮೊದಲು ಆರುವುದು ಪ್ರೊಜೆಕ್ಟರ್. ಪರದೆ ಕತ್ತಲಾದ ಮೇಲೆ ಲ್ಯಾಪ್‌ಟಾಪ್ ಒಂದೇ ಹದಿನೈದು ಗಂಟೆ ಉರಿದು ನಲುವತ್ತು ಮಕ್ಕಳಿಗೆ ಏನು ಕಂಡೀತು? ಶಾಲೆಗೆ ನಾಲ್ಕೈದು ಗಂಟೆಯ ಬ್ಯಾಟರಿ ಸಾಕು. ಉಳಿದ ದುಡ್ಡಿನಲ್ಲಿ ಒಂದು ಇನ್ವರ್ಟರಿಗೆ ದಾರಿ ಮಾಡಿಕೊಳ್ಳುವುದು ಜಾಣತನ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಶಾಲೆಗೆ ಕೊಡುವುದಾದರೆ ಮೆಮೊರಿ ಸ್ಲಾಟ್ ಇರುವ, ಮಧ್ಯಮ ದರ್ಜೆಯ ಸಾಧಾರಣ ಲ್ಯಾಪ್‌ಟಾಪ್ ಸಾಕು. ತುಸು ದಪ್ಪ ಇರಲಿ, ತೂಕ ಇರಲಿ. ಆರೇಳು ವರ್ಷ ದುಡಿಯಬೇಕಾದ ಯಂತ್ರವನ್ನು ಬಿಚ್ಚಿ ಸರಿಮಾಡುವಂತಿರಬೇಕು. ಕಾಲೇಜಿಗೆ, ಹಾಸ್ಟೆಲಿಗೆ ಹೋಗುವ ಮಕ್ಕಳ ಮಾತು ಬೇರೆ. ಇಡೀ ದಿನ ಚೀಲದಲ್ಲಿ ಹೊತ್ತು ತಿರುಗುವವರಿಗೆ ಹೊಸ ಚಿಪ್ಪಿನ ಬ್ಯಾಟರಿ ನಿಜಕ್ಕೂ ವರ. ಆದರೆ ಮೆಮೊರಿ ಬೆಸೆದದ್ದಾದರೆ 16 ಜಿಬಿಗಿಂತ ಕಡಿಮೆಯದನ್ನು ಮುಟ್ಟಬೇಡಿ. ಚಿತ್ರ ತೋರಿಸುವ ಗ್ರಾಫಿಕ್ಸ್ ಭಾಗವೂ ಅದೇ ಮೆಮೊರಿಯಲ್ಲಿ ಪಾಲು ಕೇಳುತ್ತದೆ ಎಂಬುದು ನೆನಪಿರಲಿ. 8 ಜಿಬಿ ಬೆಸೆದ ಲ್ಯಾಪ್‌ಟಾಪಿಗೆ ಅಂಗಡಿಯವರು ಎಷ್ಟೇ ರಿಯಾಯಿತಿ ಕೊಟ್ಟರೂ ಅದು ದುಬಾರಿಯೇ.

ಒಂದು ತಕರಾರು ಬರಬಹುದು. 2025ರ ಕೊನೆಯಿಂದ ಮೆಮೊರಿ ಬೆಲೆಯೇ ವಿಪರೀತ ಏರಿದೆಯಲ್ಲ ಎಂದು. ನಿಜ. ಸ್ಲಾಟ್ ಇರುವ ಯಂತ್ರದ ಲಾಭ ಇರುವುದೂ ಅಲ್ಲಿಯೇ. ಇಂದು ಕೈಗೆಟಕುವಷ್ಟು ಹಾಕಿಸಿ, ಬೆಲೆ ಇಳಿದಾಗ ಇನ್ನಷ್ಟು ಸೇರಿಸಬಹುದು.

ಅಂಗಡಿಗೆ ಹೋದಾಗ "ಯಾವ ಪ್ರೊಸೆಸರ್?" ಎಂದು ಕೇಳುವ ಮೊದಲು "ಮೆಮೊರಿ ಎಷ್ಟು? ಬೆಸೆದದ್ದೋ, ಸ್ಲಾಟಿನದೋ?" ಎಂದು ಕೇಳಿ. ಗಲ್ಫಿನ ಬಿಸಿಲಲ್ಲಿ ದುಡಿದವರ, ಇಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸುವವರ ದುಡ್ಡದು. ಗಡಿಯ ಈಚೆಗಿನ ನಮ್ಮ ಕನ್ನಡ ಶಾಲೆಗಳಿಗೆ ಇಂಥ ಕೊಡುಗೆ ವರ್ಷ ವರ್ಷ ಬರುವುದಿಲ್ಲ. ಬಂದದ್ದು ಮೂರೇ ವರ್ಷದಲ್ಲಿ ಕಪಾಟು ಸೇರಬಾರದು.

ನೀವೇನಂತೀರಿ?